ಕಣಜದ ಕೋಣೆಯ ಹೆಬ್ಬಾವು

ಮಂಜ ಎರಡು ಗೋಣಿಗಳನ್ನು ಅಂಗಳದಲ್ಲಿ ಇಳಿಸಿದಾಗ ಲೋಲಾಕ್ಷಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಚಾವಡಿಯ ಕಂಬಕ್ಕೆ ಒರಗಿ ನಿಂತಳು. ಯುದ್ಧದ ಕಾಲ, ಅಕ್ಕಿಗೆ ಎಲ್ಲೆಡೆ ತತ್ವಾರ. ಅಂಥದ್ದರಲ್ಲಿ ಅಡೂರಿನ ಆ ಮನೆಯ ಕಣಜಕ್ಕೆ ಇಲಿಗಳು ನುಗ್ಗಿದ್ದವು. ಬೋನು ಇಟ್ಟದ್ದಾಯಿತು, ಬೆಕ್ಕು ತಂದದ್ದಾಯಿತು. ಕೊನೆಗೆ ಹಾವನ್ನೇ ಸಾಕುವ ಎಂದು ಮನೆಯ ಯಜಮಾನರಾದ ಚೆನ್ನಪ್ಪ ಮಾವ, ಅವಳ ತಾಯಿಯ ಅಣ್ಣ, ಹಾವು ಹಿಡಿಯುವ ಮಂಜನಿಗೆ ಹೇಳಿಕಳಿಸಿದ್ದರು.

"ಧನಿಗಳೇ, ಇದರಲ್ಲಿ ಕೇರೆ ಉಂಟು, ಅದರಲ್ಲಿ ಹೆಬ್ಬಾವು. ಎರಡಕ್ಕೂ ವಿಷ ಇಲ್ಲ. ಕೇರೆಗೆ ಓಟ ಜಾಸ್ತಿ, ಹೆಬ್ಬಾವಿಗೆ ನಿದ್ದೆ ಜಾಸ್ತಿ. ಯಾವುದು ಬೇಕು?"

ಮಾವ ವೀಳ್ಯದೆಲೆಗೆ ಸುಣ್ಣ ಸವರುತ್ತ, "ನನ್ನನ್ನು ಎಂತ ಕೇಳುವುದು ಮಾರಾಯ? ಭತ್ತ ಅಳೆಯಲಿಕ್ಕೆ ಒಳಗೆ ಹೋಗುವವಳು ಅವಳು. ಲೋಲಾಕ್ಷೀ, ನೀನೇ ಆರಿಸು" ಎಂದರು.

ಅಷ್ಟು ಸಲೀಸಾಗಿ ಬಿದ್ದ ಮಾತನ್ನು ಅವಳು ಎಲ್ಲಿ ಹಿಡಿಯಬೇಕೋ ತಿಳಿಯದೆ ನಿಂತಳು. ಹೆಣ್ಣಿನ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆ, ಹುಟ್ಟಿದ ಮನೆಯಲ್ಲೇ ಅವಳು ಉಳಿದಿದ್ದಳು. ಗಂಡ ತನ್ನ ಅಕ್ಕನ ಮನೆಯ ಬೇಸಾಯ ನೋಡಿಕೊಂಡು, ಬಿಡುವಾದಾಗ ಬಂದು ಉಂಡು ಮಲಗಿ ಹೋಗುತ್ತಿದ್ದ. ಆ ಗಂಡನನ್ನು ಆರಿಸಿದ್ದು ಮಾವ. ಧಾರೆಸೀರೆಯ ಬಣ್ಣ ಆರಿಸಿದ್ದು ಅಮ್ಮ. ಎಲ್ಲವೂ ಒಳ್ಳೆಯವೇ ಇರಬಹುದು. ಆದರೆ ಯಾವುದನ್ನು ನೋಡಿದರೂ, ಬೇರೆಯವರ ಪೆಟ್ಟಿಗೆಯಿಂದ ತೆಗೆದು ತನ್ನ ಕೈಗೆ ಕೊಟ್ಟ ಹಾಗೆ ಅವಳಿಗೆ ಅನಿಸುತ್ತಿತ್ತು.

ಮಂಜ ಗೋಣಿ ಬಿಚ್ಚಿದ. ಕೇರೆ ಸರಕ್ಕನೆ ತಲೆ ಎತ್ತಿ ನಾಲ್ಕೂ ಕಡೆ ಹುಡುಕಾಡಿತು. ಹೆಬ್ಬಾವು ಮಾತ್ರ ಹೊರಗೆ ಬಂದರೂ ಬಂದಂತೆ ಕಾಣಲಿಲ್ಲ. ಕಾಡಿನ ನೆಲದ ಒಂದು ತುಂಡೇ, ತರಗೆಲೆಯ ಮೇಲೆ ಬಿದ್ದ ಬಿಸಿಲು ನೆರಳಿನ ಸಮೇತ, ಸುರುಳಿ ಸುತ್ತಿಕೊಂಡು ಅಂಗಳದಲ್ಲಿ ಮಲಗಿದ ಹಾಗಿತ್ತು. ಅದಕ್ಕೆ ಯಾರ ಅವಸರವೂ ಇರಲಿಲ್ಲ. ಲೋಲಾಕ್ಷಿಯ ಉಸಿರು ತಾನಾಗಿ ನಿಧಾನವಾಯಿತು.

"ಇದು" ಎಂದಳು.

"ಅಯ್ಯೋ, ಆ ಸೋಮಾರಿಯಾ?" ಒಳಗಿನಿಂದ ಅಮ್ಮ ಪುಷ್ಪಾವತಿ ಕೂಗಿದರು. "ಮನೆಯಲ್ಲಿ ಉಂಡು ಮಲಗುವವರು ಸಾಕಷ್ಟು ಇದ್ದಾರಲ್ಲ!"

ಮಂಜ ಬಾಯಿ ತುಂಬ ನಕ್ಕ. ಲೋಲಾಕ್ಷಿ ತನ್ನ ಮಾತನ್ನು ಬದಲಿಸಲಿಲ್ಲ.

ಹಾವು ಕಣಜದ ಕೋಣೆ ಸೇರಿತು. ಇಲಿಗಳ ಸದ್ದು ಕಡಿಮೆಯಾಗುತ್ತ ಬಂದು ಒಂದು ದಿನ ನಿಂತೇಹೋಯಿತು. ಮಳೆಗಾಲ ಕಳೆಯಿತು, ಮನೆಯವರು ಹಾವನ್ನು ಮರೆತರು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅವಳು ಮಾತ್ರ ಭತ್ತ ತೆಗೆಯುವ ನೆಪದಲ್ಲಿ ಒಳಗೆ ಹೋಗಿ ಹೊಸ್ತಿಲ ಬಳಿ ಕುಳಿತುಕೊಳ್ಳುತ್ತಿದ್ದಳು. ಹೆಂಚಿನ ಸಂದಿಯಿಂದ ಬೆಳಕಿನ ಕೋಲೊಂದು ಇಳಿದು ಹಾವಿನ ಬೆನ್ನ ಮೇಲೆ ತೆವಳುತ್ತಿತ್ತು. ಬೆಚ್ಚಗಿನ ಭತ್ತದ ವಾಸನೆಯಲ್ಲಿ ತೂಕಡಿಕೆ ಬಂದರೆ, ಕೋಣೆಯ ಗೋಡೆಗಳು ಕರಗಿ, ತಾನು ಪಯಸ್ವಿನಿ ಹೊಳೆಯ ನೀರಿನಲ್ಲಿ ಅಂಗಾತ ತೇಲುತ್ತಿದ್ದೇನೆ, ಎಲ್ಲಿಗೆಂದು ಯಾರೂ ಕೇಳುತ್ತಿಲ್ಲ ಎನ್ನುವಂತಾಗುತ್ತಿತ್ತು. ಅವಳು ಹಾವಿಗೆ ಹೆಸರಿಡಲಿಲ್ಲ. ಕರೆದರೆ ಬರಬೇಕೆಂಬ ಆಸೆಯೂ ಇರಲಿಲ್ಲ. ತನ್ನ ಒಂದು ಮಾತಿನಿಂದ ಅದು ಅಲ್ಲಿತ್ತು, ಅಷ್ಟೇ ಸಾಕಾಗಿತ್ತು.

ಕೊಯ್ಲು ಮುಗಿದು ಹುಂಜಗಳನ್ನು ಕಾದಾಡಿಸುವ ಕೋಳಿ ಅಂಕದ ದಿನಗಳು ಬಂದವು. ಮಾವನ ಕೆಂಪು ಹುಂಜದ ಸುದ್ದಿ ಬದಿಯಡ್ಕದವರೆಗೂ ಹೋಗಿತ್ತು. ಅಂಕಕ್ಕೆ ಇಳಿಸುವ ಹುಂಜಕ್ಕೆ ಹೊರಗಿನವರ ಕಣ್ಣು ತಾಗಬಾರದೆಂದು ಹಿಂದಿನ ದಿನವೇ ಅದನ್ನು ಕತ್ತಲೆ ಕೋಣೆಯಲ್ಲಿ ಕಟ್ಟುವುದು ರೂಢಿ. ಮನೆಯಲ್ಲಿ ಕತ್ತಲೆ ಕೋಣೆ ಅಂತ ಇದ್ದದ್ದು ಒಂದೇ. ಮಾವ ಯಾರಿಗೂ ಹೇಳದೆ ಹುಂಜದ ಕಾಲಿಗೆ ಹುರಿ ಕಟ್ಟಿ, ಕಣಜದ ಮೂಲೆಗೆ ಬಿಗಿದು ಬಂದರು.

ಬೆಳಿಗ್ಗೆ ಹುರಿ ಹಾವಿನ ಬಾಯಿಂದ ಹೊರಗೆ ಇಳಿಬಿದ್ದಿತ್ತು. ಹೊಟ್ಟೆಯ ನಡುವೆ ಒಂದು ಉಬ್ಬು.

"ಮಂಜನನ್ನು ಕರೆಯಿರಿ! ಈ ಶನಿಯನ್ನು ಇವತ್ತೇ ಗುಡ್ಡಕ್ಕೆ ಬಿಡಬೇಕು!" ಮಾವನ ಕೂಗಿಗೆ ತೊಟ್ಟಿಲಲ್ಲಿದ್ದ ಲೋಲಾಕ್ಷಿಯ ಮಗು ಎದ್ದು ಅತ್ತಿತು.

ಮಂಜ ಖಾಲಿ ಗೋಣಿ ಹಿಡಿದು ಬಂದ. ಒಳಗೆ ಇಣುಕಿ, "ಧನಿಗಳೇ, ಪುಕ್ಕ ಸಮೇತ ನುಂಗಿದೆ. ಅಂಕದಲ್ಲಿ ಗೆದ್ದದ್ದು ಇದೇ" ಎಂದ.

"ನಗಬೇಡ ಮಾರಾಯ, ನನಗೆ ತಲೆ ಕೆಟ್ಟಿದೆ!"

ಲೋಲಾಕ್ಷಿ ಬಂದು ಕಣಜದ ಬಾಗಿಲಿಗೆ ಅಡ್ಡ ನಿಂತಳು. ಹಾವು ಹೋದರೆ ಕಣಜಕ್ಕೆ ಕೇರೆ ಬರಬಹುದು. ಆದರೆ ಅಂಗಳದಲ್ಲಿ ಆ ದಿನ ತಾನು ಆಡಿದ ಮಾತು ಆಡಿಯೇ ಇಲ್ಲದಂತಾಗುತ್ತದೆ.

"ಮಾವ, ಅದು ಹೋಗುವುದಿಲ್ಲ."

"ಎಂತ?"

"ನೀವೇ ಆರಿಸು ಅಂದಿರಿ, ನಾನು ಆರಿಸಿದೆ. ಅದು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಕೋಳಿಯನ್ನು ಒಳಗೆ ಕಟ್ಟಿದವರು ನೀವು. ನನ್ನಲ್ಲಿ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಂಜ ಗೋಣಿಯನ್ನು ಮೆಲ್ಲಗೆ ಮಡಚಿ ಕಂಕುಳಿಗೆ ಸೇರಿಸಿದ. ಮಾವ ಅವಳನ್ನು ದಿಟ್ಟಿಸಿದರು, ಈ ಮನೆಯಲ್ಲಿ ಇಂಥವಳೊಬ್ಬಳು ಇದ್ದಾಳೆಂದು ಯಾರೋ ಈಗಷ್ಟೇ ತಿಳಿಸಿದಂತೆ. ಚಾವಡಿಗೆ ಹೋಗಿ ಕುಳಿತರು. ಎಲೆಯ ತೊಟ್ಟು ಮುರಿದರು, ಬಾಯಿಗೆ ಹಾಕಲಿಲ್ಲ. ಅಂಗಳವನ್ನೇ ನೋಡುತ್ತ ಕೇಳಿದರು:

"ಹಾಗಾದರೆ ಮುಂದಿನ ಹುಂಜವನ್ನು ಎಲ್ಲಿ ಕಟ್ಟುವುದು?"

ಲೋಲಾಕ್ಷಿ ಕಣಜದ ಬಾಗಿಲಿನತ್ತ ತಿರುಗಿದಳು. ಒಳಗೆ ಹಾವು ಬಿಸಿಲಿನತ್ತ ಒಂದಿಷ್ಟು ಸರಿದ ಸದ್ದು, ಭತ್ತದ ಮೇಲೆ ಗಾಳಿ ಆಡಿದಂತೆ, ಕೇಳಿಸಿತು.

"ನೋಡಿ ಹೇಳ್ತೇನೆ ಮಾವ" ಎಂದಳು.