ಬದರುನ್ನಿಸಾ ಅವರ ಮೊಣಕಾಲು ನೋವು

"ನಿಧಾನ ಕಣಮ್ಮ, ಅವರಿಗೆ ಮೊಣಕಾಲು ನೋವಿತ್ತಲ್ವಾ," ಎಂದು ಖುರ್ಷಿದ್ ಆಪಾ ರಮ್ಶಾಳ ಕೈ ತಡೆದರು.

ರಮ್ಶಾ ಹಿಡಿದಿದ್ದ ಚೊಂಬು ಅಲ್ಲೇ ನಿಂತಿತು. ಹೇವರ್ಡ್‌ನ ಮಸೀದಿಯ ಹಿಂದಿನ ಕೋಣೆ; ನಡುವೆ ಸ್ಟೀಲಿನ ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಅತ್ತೆ ಬದರುನ್ನಿಸಾ. ತೀರಿಹೋದ ಹೆಂಗಸಿಗೆ ಕೊನೆಯ ಸ್ನಾನ ಮಾಡಿಸುವುದು ಮನೆಯ ಹೆಂಗಸರ ಕೆಲಸ. ಈ ಪರದೇಶದ ಊರಿನಲ್ಲಿ ಮನೆಯ ಹೆಂಗಸು ಎಂದು ಇದ್ದವಳು ಸೊಸೆ ಒಬ್ಬಳೇ. ಪಕ್ಕದಲ್ಲಿ ನಿಂತು ಹೇಳಿಕೊಡುವುದಕ್ಕೆ ಖುರ್ಷಿದ್ ಆಪಾ ಬಂದಿದ್ದರು. ಬೆಂಗಳೂರಿನವರು, ಇಲ್ಲಿ ಕಣ್ಣು ಮುಚ್ಚಿದ ಎಷ್ಟೋ ಹೆಂಗಸರಿಗೆ ನೀರು ಹೊಯ್ದ ಕೈ ಅವರದು.

"ಸತ್ತವರಿಗೇನು ಗೊತ್ತಾಗುತ್ತೆ ಅನ್ಬಾರ್ದು. ಜೀವ ಇದ್ದಾಗ ಹೆಂಗೆ ಮುಟ್ತಿದ್ವೋ ಹಂಗೇ ಮುಟ್ಬೇಕು. ನಿನಗೆ ಹೇಳ್ಕೊಡ್ಬೇಕಾ ಬಿಡು. ದಿನಾ ಎಣ್ಣೆ ತಿಕ್ಕಿದ ಕೈ ನಿನ್ದು. ನಿನ್ ಗಂಡ ಮುಕರ್ರಮ್ ಎಲ್ಲಾ ಹೇಳಿದಾನೆ."

ರಮ್ಶಾ ಬಟ್ಟೆಯ ಅಡಿಗೆ ಕೈ ಹಾಕಿ ಮೊಣಕಾಲು ತೊಳೆದಳು. ಊತವಿಲ್ಲ, ಗಂಟಿಲ್ಲ. ಬದುಕಿಡೀ ನೀರಿನ ದಂಡೆ ಹತ್ತಿ ಇಳಿದ, ಗಟ್ಟಿಮುಟ್ಟಾದ ಕಾಲು. ಈ ಮೊಣಕಾಲಿಗೆ ಒಂದು ದಿನವೂ ನೋವಿರಲಿಲ್ಲ ಎಂಬುದು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವರಲ್ಲೊಬ್ಬರು ಈಗ ಮೇಜಿನ ಮೇಲಿದ್ದರು.

"ಇನ್ನೊಂದು ಮಾತು. ಸ್ನಾನ ಮಾಡಿಸಿದವರು ಕಂಡಿದ್ದನ್ನ ಹೊರಗೆ ಆಡ್ಬಾರ್ದು. ಏನೇ ಐಬು ಇರ್ಲಿ, ಮುಚ್ಚಿಡ್ಬೇಕು," ಎಂದರು ಆಪಾ, ಕರ್ಪೂರದ ನೀರು ಕಲೆಸುತ್ತಾ.

ಮುಚ್ಚಿಟ್ಟಿದ್ದು ಯಾರು, ಯಾರ ಐಬನ್ನು ಎಂದು ರಮ್ಶಾಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ತಲೆ ತಗ್ಗಿಸಿ ನೀರು ಹೊಯ್ದಳು.

*

ಬದರುನ್ನಿಸಾ ಆಲಮಟ್ಟಿ ಹಿನ್ನೀರಿನ ದಂಡೆಯವರು. ಗಂಡ ಲಾಲಸಾಬ ಈ ದಡದಿಂದ ಆ ದಡಕ್ಕೆ ಲಾಂಚು ನಡೆಸುತ್ತಿದ್ದ. ಲಾಂಚಿಗೆ ಹೊತ್ತುಗೊತ್ತು ಎಂದು ಒಂದು ಬೋರ್ಡೇನೋ ಇತ್ತು. ಅದನ್ನು ನಂಬಿದವರು ದಂಡೆಯಲ್ಲೇ ಬುತ್ತಿ ಬಿಚ್ಚಬೇಕಿತ್ತು. ನಿಜವಾದ ವ್ಯವಸ್ಥೆ ಬಟ್ಟೆಯದು. ಲಾಂಚು ನಡುನೀರಿಗೆ ಬಂದಾಗ ಲಾಲಸಾಬ ಹಾರ್ನ್ ಹೊಡೆಯುತ್ತಿದ್ದ, ಹತ್ತುವವರು ಯಾರಾದರೂ ಇದ್ದೀರಾ ಎಂದು. ಇದ್ದರೆ ಟವೆಲ್ಲೋ ಸೆರಗೋ ಮೇಲೆ ಕೆಳಗೆ ಬೀಸಬೇಕು. ಇಲ್ಲದಿದ್ದರೆ ಯಾರಾದರೂ ಅಡ್ಡಡ್ಡ ಬೀಸಬೇಕು: ಯಾರೂ ಇಲ್ಲಪ್ಪಾ, ಸುಮ್ಮನೆ ಡೀಸೆಲ್ ಸುಡಬೇಡ, ಹೋಗು. ಹಾರ್ನಿಗೆ ಉತ್ತರ ಕೊಡದೆ ಕೂರುವುದು ಮನೆಗೆ ಬಂದವರಿಗೆ ನೀರು ಬೇಕೇ ಎಂದು ಕೇಳದಷ್ಟೇ ಕೆಟ್ಟದ್ದು. ದಂಡೆಯ ಮೇಲಿನ ಮೊದಲ ಮನೆ ಬದರುನ್ನಿಸಾರದೇ ಆದ್ದರಿಂದ ಆ ಕೆಲಸ ಅವರ ಪಾಲಿಗೇ ಬಿದ್ದಿತ್ತು. ರೊಟ್ಟಿ ಬಡಿಯುವಾಗಲೂ ಒಂದು ಕಿವಿ ನೀರಿನ ಕಡೆಗೇ.

ಲಾಲಸಾಬ ಹೋದ ಮೇಲೆ ಮಗ ಮುಕರ್ರಮ್ ಅಮ್ಮನನ್ನು ಹೇವರ್ಡ್ ಹತ್ತಿರದ ಅಲಮೀಡಾಕ್ಕೆ ಕರೆತಂದ. ಅಪಾರ್ಟ್‌ಮೆಂಟಿನಿಂದ ಹೊರಟರೆ ಬೀದಿಯ ಕೊನೆಯಲ್ಲೇ ನೀರು. ಆಚೆ ದಡದಲ್ಲಿ ಓಕ್‌ಲ್ಯಾಂಡಿನ ಕ್ರೇನುಗಳು, ಕಂಟೇನರ್ ಪೇರಿಸಿಕೊಂಡ ಹಡಗುಗಳು, ಅವನ್ನು ನೂಕಿ ತಿರುಗಿಸುವ ಪುಟ್ಟ ಟಗ್ ದೋಣಿಗಳು. ಬೆಳಿಗ್ಗೆ ತಿಂಡಿಯಾಗಿ ಮನೆಯವರು ಮೀಟಿಂಗು ಮೀಟಿಂಗು ಎಂದು ಬಾಗಿಲು ಹಾಕಿಕೊಂಡ ಮೇಲೆ ಬದರುನ್ನಿಸಾ ಅಲ್ಲಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು. ಮೇಲಿನ ಮಹಡಿಯ ಸತ್ಯವತಿ ಮೈಸೂರಿನವರು, ಅವರೂ ಜೊತೆಗೂಡಿದರು. ಎರಡು ಕನ್ನಡಕ್ಕೂ ಒಂದೇ ಬೆಂಚು ಸಾಕಾಗುತ್ತಿತ್ತು.

"ಸಮುದ್ರ ನೋಡ್ತಾ ಇದ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ ಅಲ್ವೇನ್ರೀ," ಎಂದು ಸತ್ಯವತಿ ಅಂದರೆ ಬದರುನ್ನಿಸಾ ಒಪ್ಪುತ್ತಿರಲಿಲ್ಲ.

"ಎರಡೂ ದಂಡಿ ಕಣ್ಣಿಗೆ ಕಾಣಾಕತ್ತಾವ, ಸಮುದ್ರ ಹೆಂಗಾಗ್ತದ್ರಿ? ಇದು ಹಿನ್ನೀರು."

ದೊಡ್ಡ ಹಡಗುಗಳ ಮೇಲೆ ಅವರಿಗೆ ಅಷ್ಟೇನೂ ಗೌರವವಿರಲಿಲ್ಲ. "ಅದು ಹಡಗಲ್ಲರಿ, ಗೋದಾಮು. ಅದನ್ನ ನೂಕಾಂವನ್ನ ನೋಡ್ರಿ. ಸಂಜಿಕ್ಕ ಮನಿಗೆ ಹೋಗಿ ಉಣ್ಣಾಂವ ಅಂವ."

*

ಅತ್ತೆಗೆ ಸ್ನಾನ ಮಾಡಿಸಿ ಹೊರಗೆ ಬಂದಾಗ ಮುಕರ್ರಮ್ ಪಾರ್ಕಿಂಗ್ ಜಾಗದಲ್ಲಿ ಕಾರಿಗೆ ಒರಗಿ ನಿಂತಿದ್ದ. ರಮ್ಶಾಳನ್ನು ಕಂಡದ್ದೇ ತಡ, ಬೆಳಗಿನಿಂದ ತಡೆದುಕೊಂಡಿದ್ದು ಒಡೆದುಹೋಯಿತು.

"ಆಪರೇಶನ್ ಮಾಡಿಸಿಬಿಡಬೇಕಿತ್ತು, ರಮ್ಶಾ. ನೋವು ಹೋಗದಿದ್ರ ಮಾಡಿಸ್ರಿ ಅಂತ ಡಾಕ್ಟರು ಹೇಳಿದ್ದರು. ನಾನ ಪ್ರಾಜೆಕ್ಟು ಮುಗೀಲಿ ಅಂದೆ. ಮೊದಲಿನಂಗ ಅಡ್ಡಾಡಿಕೋತ ಇದ್ದಿದ್ರ ಹಾರ್ಟಿಗೆ ಏನೂ ಆಗ್ತಿರಲಿಲ್ಲ. ಆರು ತಿಂಗಳು ಮನಿಯಾಗ ಕುಂತು ಕುಂತು ಹೋದ್ಳು. ನಾನ ಕೊಂದೆ ಅವಳನ್ನ."

"ಹಂಗನ್ಬೇಡಿ."

"ಮತ್ತ ಏನನ್ನಲಿ? ನೀ ಮಾಡಿದ್ದರಾಗ ಅರ್ಧಾನೂ ನಾ ಮಾಡಲಿಲ್ಲ."

ರಮ್ಶಾಳ ಗಂಟಲಿನವರೆಗೆ ಮಾತು ಬಂತು. ಹೇಳಿದರೆ ಇವನು ತನ್ನನ್ನು ಇನ್ನು ಯಾವ ಕಣ್ಣಿನಿಂದ ನೋಡುತ್ತಾನೋ. ಹೇಳದಿದ್ದರೆ ತಾಯಿಯನ್ನು ಕೊಂದೆನೆಂಬ ಕಲ್ಲನ್ನು ಬದುಕಿಡೀ ಎದೆಯ ಮೇಲೆ ಹೊತ್ತು ತಿರುಗುತ್ತಾನೆ. ಅಷ್ಟರಲ್ಲಿ ಯಾರೋ ಬಂದು ನಮಾಜಿಗೆ ಹೊತ್ತಾಯಿತೆಂದು ಅವನ ಭುಜ ಹಿಡಿದು ಕರೆದೊಯ್ದರು. ಮಾತು ಬಂದ ದಾರಿಯಲ್ಲೇ ಇಳಿಯಿತು. ತನಗೆ ಒಂದು ಕ್ಷಣ ನಿರಾಳವಾಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕೊನೆಯ ಮುಖದರ್ಶನಕ್ಕೆ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಒಬ್ಬೊಬ್ಬರೂ ಬಾಗಿ, ಅಂದಿದ್ದು ಆಡಿದ್ದು ಮಾಫ್ ಮಾಡಿ ಎಂದು ಪಿಸುಗುಟ್ಟಿ ಸರಿದರು. ಸತ್ಯವತಿಯವರೂ ಪದ್ಧತಿ ಕೇಳಿಕೊಂಡು ಹಾಗೇ ಹೇಳಿ, ಜೊತೆಗೆ ಕೈಯನ್ನೂ ಮುಗಿದರು. ರಮ್ಶಾ ತನ್ನ ಸರದಿ ಬಂದಾಗ ಬಾಗಿ, ಆ ಮಾತು ಹೇಳದೆ, ಮುಖದ ಸುತ್ತಲಿನ ಬಟ್ಟೆಯ ಮಡಿಕೆ ಸರಿಮಾಡಿ ಸರಿದಳು.

"ಪಾಪ, ತಾಯಿಗಿಂತ ಹೆಚ್ಚು ಹಚ್ಕೊಂಡಿದ್ಲು," ಎಂದು ಹಿಂದಿನಿಂದ ಯಾರೋ ಅಂದರು. ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ.

*

ಆರು ತಿಂಗಳ ಹಿಂದಿನ ಆ ದಿನ ಮುಕರ್ರಮ್ ಬೆಂಗಳೂರಿನ ಆಫೀಸಿಗೆ ಹೋಗಿದ್ದ. ಸತ್ಯವತಿ ಪಾಲೋ ಆಲ್ಟೋದಲ್ಲಿ ಮಗಳ ಮನೆಯಲ್ಲಿದ್ದರು. ಬೆಂಚಿನ ಮೇಲೆ ಬದರುನ್ನಿಸಾ ಒಬ್ಬರೇ. ಟಗ್ ದೋಣಿಯೊಂದು ಆಚೆ ದಡ ಬಿಟ್ಟು ಹೊರಟು ಉದ್ದಕ್ಕೆ ಹಾರ್ನ್ ಹೊಡೆಯಿತು. ಬದರುನ್ನಿಸಾ ಆಚೀಚೆ ನೋಡಿದರು. ದಂಡೆಯಲ್ಲಿ ಹತ್ತುವವರು ಯಾರೂ ಇಲ್ಲ. ಎದ್ದು ತಲೆಯ ಮೇಲಿನ ಬಿಳಿ ಓಢಣಿ ತೆಗೆದು ಅಡ್ಡಡ್ಡ ಬೀಸಿದರು. ದೋಣಿಯವನಿಗೆ ಕಂಡಂತಿರಲಿಲ್ಲ; ಮತ್ತೆ ಹಾರ್ನ್ ಆಯಿತು. ಪಾಪ, ಸುಮ್ಮನೆ ಇಲ್ಲಿಯವರೆಗೂ ಬಂದಾನು ಎಂದು ಅವರು ನೀರಿನಂಚಿನ ಬಂಡೆಗಳ ಮೇಲಿಳಿದು, "ಯಾರೂ ಇಲ್ಲೋ ತಮ್ಮಾ, ಹೋಗೋ," ಎಂದು ಕೂಗುತ್ತಾ ಇನ್ನೂ ಜೋರಾಗಿ ಬೀಸಿದರು.

ಜಾಗಿಂಗ್ ಹೊರಟಿದ್ದವನೊಬ್ಬ ಇದನ್ನು ಕಂಡ. ನೀರಿನ ಪಕ್ಕದಲ್ಲಿ ಮುದುಕಿ, ಕೈಯಲ್ಲಿ ಬಿಳಿ ಬಟ್ಟೆ, ಕೂಗಾಟ. ಯಾರೋ ಮುಳುಗುತ್ತಿದ್ದಾರೆಂದು ಅವನು ಫೋನ್ ಮಾಡಿದ. ಫೈರ್ ಇಂಜಿನ್ ಬಂತು, ಆಂಬುಲೆನ್ಸ್ ಬಂತು, ನೀರಿನ ಮೇಲೆ ಕೋಸ್ಟ್ ಗಾರ್ಡಿನ ದೋಣಿಯೂ ಬಂತು. ಒಂದು ದೋಣಿಯ ಡೀಸೆಲ್ ಉಳಿಸಲು ಹೋಗಿ ಬದರುನ್ನಿಸಾ ಊರಿನ ಡೀಸೆಲ್ಲೆಲ್ಲ ಸುಡಿಸಿದ್ದರು. ಹೊಸ ದೋಣಿಯನ್ನು ಕಂಡು ಅದಕ್ಕೂ ಅಡ್ಡಡ್ಡ ಬೀಸಿದರು. ಅವರು ಬೀಸಿದಷ್ಟೂ ಅದು ಹತ್ತಿರ ಬಂತು.

ಸೈರನ್ನು ಕೇಳಿ ರಮ್ಶಾ ಮೀಟಿಂಗು ಬಿಟ್ಟು ಓಡಿಬಂದಳು. ಜನ ಸೇರಿದ್ದರು, ಫೋನು ಎತ್ತಿ ಹಿಡಿದಿದ್ದರು. ಪಕ್ಕದ ಬಿಲ್ಡಿಂಗಿನಲ್ಲಿದ್ದ ಅವಳ ಮ್ಯಾನೇಜರು ನಾಯಿ ಹಿಡಿದುಕೊಂಡು ಮುಂದೆಯೇ ನಿಂತಿದ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ; ಇಲ್ಲಿ ಒಂದು ಓಢಣಿಗೆ ಹೋಗಿತ್ತು. ಏನಾಗಿದೆ ಇವರಿಗೆ ಎಂದು ಫೈರ್ ಆಫೀಸರು ಕೇಳಿದಾಗ ರಮ್ಶಾ ಲಾಂಚಿನ ಕತೆ ಹೇಳಬಹುದಿತ್ತು. ಅವಳಿಗೆ ಆ ಕತೆ ಗೊತ್ತಿತ್ತು. ಆದರೆ ನಾಯಿ ಹಿಡಿದವನ ಎದುರು, ನಮ್ಮತ್ತೆ ದೋಣಿಗೆ ಉತ್ತರ ಕೊಡುತ್ತಿದ್ದರು ಎಂದು ಹೇಳಲು ನಾಲಿಗೆ ಹೊರಳಲಿಲ್ಲ. ಅವಳು ಸುಮ್ಮನೆ ತನ್ನ ಹಣೆಯ ಪಕ್ಕ ಬೆರಳು ಇಟ್ಟು ಎರಡು ಸಲ ತಟ್ಟಿ ತೋರಿಸಿದಳು. ಆಫೀಸರು ಅರ್ಥವಾಯಿತೆಂದು ತಲೆಯಾಡಿಸಿದ. ಬದರುನ್ನಿಸಾರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬೆರಳಿನ ಮಾತಿಗೆ ಇಂಗ್ಲಿಷ್ ಬೇಕಿರಲಿಲ್ಲ. ಬೀಸುತ್ತಿದ್ದ ಕೈ ಅಲ್ಲಿಗೆ ಇಳಿಯಿತು.

ಮನೆಗೆ ಬಂದ ಮೇಲೂ ರಮ್ಶಾ ಬಿಡಲಿಲ್ಲ. "ಇನ್ಮೇಲೆ ನೀರಿನ ಕಡೆ ಹೋಗ್ಬೇಡಿ ಅಮ್ಮೀ. ನಾವು ಇಲ್ಲಿ ತಲೆ ಎತ್ಕೊಂಡು ಓಡಾಡ್ಬೇಕು. ಜನ ಹುಚ್ಚಿ ಅಂತಾರೆ."

"ಆಗಲೇಳವಾ," ಎಂದರು ಬದರುನ್ನಿಸಾ.

ಮುಕರ್ರಮ್ ವಾಪಸು ಬಂದು, ಯಾಕಮ್ಮೀ ದೋಣಿ ನೋಡಾಕ ಹೋಗವಲ್ಲಿ ಎಂದು ಕೇಳಿದಾಗ ರಮ್ಶಾ ಒಲೆಯ ಮುಂದೆ ಸೌಟು ಆಡಿಸುವುದನ್ನು ನಿಲ್ಲಿಸಿದಳು. ಬದರುನ್ನಿಸಾ ಸೊಸೆಯ ಬೆನ್ನನ್ನು ಒಮ್ಮೆ ನೋಡಿದರು. "ಮೊಣಕಾಲು ಹಿಡದಾವಪಾ. ನಡಿಯಾಕ ಆಗವಲ್ದು."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ರಮ್ಶಾ ಒಲೆ ಸಣ್ಣಗೆ ಮಾಡಿದಳು.

ಆದರೆ ಒಂದು ಸುಳ್ಳಿಗೆ ಎಷ್ಟು ಚಾಕರಿ ಮಾಡಬೇಕೆಂದು ಅವಳಿಗೆ ಆಗ ಗೊತ್ತಿರಲಿಲ್ಲ. ಮಗ ಎಕ್ಸ್-ರೇ ತೆಗೆಸಿದ. ವಯಸ್ಸಿಗೆ ತಕ್ಕ ಸವೆತ ಎಂದರು ಡಾಕ್ಟರು. ಫಿಸಿಯೊಥೆರಪಿ ಶುರುವಾಯಿತು, ಬದರುನ್ನಿಸಾ ಚೆನ್ನಾಗಿರುವ ಕಾಲನ್ನು ಎತ್ತಿ ಇಳಿಸಿ, ನಡುನಡುವೆ ನೆನಪು ಮಾಡಿಕೊಂಡು 'ಯಾ ಅಲ್ಲಾ' ಎಂದು ನರಳಿದರು. ಸಂಜೆ ಗಂಡನೆದುರು ರಮ್ಶಾ ಎಣ್ಣೆ ಬಿಸಿ ಮಾಡಿ ಆ ಮೊಣಕಾಲುಗಳಿಗೆ ತಿಕ್ಕಬೇಕಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. "ಸಾಕು ಬಿಡವಾ, ಕೈ ನೋಯ್ತಾವ," ಎನ್ನುತ್ತಿದ್ದರು ಬದರುನ್ನಿಸಾ. ಅಷ್ಟು ಸಂಜೆಗಳಲ್ಲಿ ಒಂದು ಸಂಜೆಯಾದರೂ, ನಾಳೆ ನಾನೇ ಕರೆದುಕೊಂಡು ಹೋಗುತ್ತೇನೆ ಬನ್ನಿ ಎನ್ನಬಹುದಿತ್ತು. ದಿನ ಹೋದಂತೆ ಹಾಗೆನ್ನುವುದು ಇನ್ನೂ ನಾಚಿಕೆಯಾಗುತ್ತಾ ಹೋಯಿತು.

*

ಲಿವರ್‌ಮೋರ್ ಕಡೆಯ ಗುಡ್ಡದ ತಪ್ಪಲಿನಲ್ಲಿ ದಫನ್ ಆಯಿತು. ಹಿಂತಿರುಗುವಾಗ ಫ್ರೀವೇ ತುಂಬಾ ಟ್ರಾಫಿಕ್ಕು. ಕಾರಿನಲ್ಲಿ ಗಂಡ ಹೆಂಡತಿ ಇಬ್ಬರೇ. ಮುಕರ್ರಮ್‌ನ ಉಗುರುಗಳಲ್ಲಿ ಗೋರಿಯ ಮಣ್ಣು ಕಪ್ಪಗೆ ಕೂತಿತ್ತು.

"ಆ ಆಪರೇಶನ್ ಒಂದು..." ಎಂದು ಅವನು ಮತ್ತೆ ಶುರುಮಾಡಿದ.

"ಅಮ್ಮಿಗೆ ಮೊಣಕಾಲು ನೋವಿರ್ಲಿಲ್ಲ," ಎಂದಳು ರಮ್ಶಾ.

ಅವನು ತಿರುಗಿ ನೋಡಿದ. ಅವಳು ಎದುರಿನ ಗಾಜು ನೋಡುತ್ತಾ ಎಲ್ಲವನ್ನೂ ಹೇಳಿದಳು: ಓಢಣಿ, ದೋಣಿ, ಮ್ಯಾನೇಜರು. ಬೆರಳಿನ ವಿಷಯಕ್ಕೆ ಬಂದಾಗ ಬಿಟ್ಟುಬಿಡೋಣವೇ ಎನಿಸಿತು. ಬಿಡಲಿಲ್ಲ. ಅದನ್ನೂ ಹೇಳಿದಳು.

ಅಲಮೀಡಾದ ಎಕ್ಸಿಟ್ ಹತ್ತಿರ ಬಂದಾಗ ಅವನು ಒಂದೇ ಒಂದು ಪ್ರಶ್ನೆ ಕೇಳಿದ.

"ಮತ್ತ ದಿನಾ ಎಣ್ಣಿ ತಿಕ್ಕತಿದ್ದಿ?"

"ತಿಕ್ತಿದ್ದೆ."

"ನನ್ನ ಮುಂದ."

"ಹೂಂ."

ಅವನು ಇಂಡಿಕೇಟರ್ ಹಾಕಿ ತಿರುಗಿಸಿದ.

ಮನೆಯಲ್ಲಿ ಜನ ಕಾಯುತ್ತಿದ್ದರು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ಯಾರ್ಯಾರೋ ಅಡುಗೆ ತಂದು ಟೇಬಲ್ಲಿನ ತುಂಬ ಇಟ್ಟಿದ್ದರು. ಮುಕರ್ರಮ್ ಕೈ ತೊಳೆದು ಬಂದು, ತಾನೇ ತಟ್ಟೆಗಳಿಗೆ ಅನ್ನ ದಾಲ್ಚಾ ಹಾಕಿ ಒಬ್ಬೊಬ್ಬರಿಗೆ ಕೊಡತೊಡಗಿದ. ಬೇಡವೆಂದವರಿಗೂ ಕೊಟ್ಟ. ಸತ್ಯವತಿ ರಮ್ಶಾಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಖುರ್ಷಿದ್ ಆಪಾರಿಗೆ ಹೇಳುತ್ತಿದ್ದರು.

"ನಾನು ದಿನಾ ಕರೀತಿದ್ದೆ ಕಣ್ರೀ, ಬನ್ನಿ ಬೆಂಚಿನ ತನಕ ಆದ್ರೂ ಹೋಗೋಣ ಅಂತ. ಮೊಣಕಾಲು ಬಿಡ್ತಿಲ್ಲ ಅನ್ನೋರು. ಆದ್ರೆ ಸೊಸೆ ಬಗ್ಗೆ ಒಂದು ಮಾತು? ಊಹೂಂ. ನಮ್ಮ ರಮ್ಶಾ ಎಣ್ಣಿ ಹಚ್ಚಿದ್ರ ಹೂವಿನಂಗ ಅನ್ನಿಸ್ತದ, ಅನ್ನೋರು."

ರಮ್ಶಾಳಿಗೆ ಕೂರಲಾಗಲಿಲ್ಲ. ಎದ್ದು ನಿಂತಳು. ಗಂಡನಿಗೆ ಹೇಳಿದ ಮೇಲೆ ಇನ್ನು ಯಾರ ಭಯ ಎನಿಸಿತು. "ಆಂಟಿ, ಅದು ಹಾಗಲ್ಲ. ಅಮ್ಮಿಗೆ..."

"ಹೌದ್ರಿ ಆಂಟಿ," ಎಂದ ಮುಕರ್ರಮ್ ಟೇಬಲ್ಲಿನ ಕಡೆಯಿಂದ. ಅವನ ದನಿ ಸಮವಾಗಿತ್ತು. "ಮೊಣಕಾಲು ಭಾಳ ತ್ರಾಸ ಕೊಟ್ಟವು ಅಮ್ಮಿಗೆ. ಆಪರೇಶನ್ ಮಾಡಿಸ್ಬೇಕಿತ್ತು. ನಾನ ತಡಾ ಮಾಡಿದೆ."

ಕೋಣೆಯ ಜನ ಪಾಪ ಎಂದು ಲೊಚಗುಟ್ಟಿದರು.

ಅವನು ತುಂಬಿದ ತಟ್ಟೆಗಳನ್ನು ಹಿಡಿದು ಬಂದ. ಸತ್ಯವತಿಯವರಿಗೆ ಅವರೇ ಮಾಡಿ ತಂದಿದ್ದ ಮೊಸರನ್ನವನ್ನು ಕೊಟ್ಟ. ಖುರ್ಷಿದ್ ಆಪಾರಿಗೆ ಕೊಟ್ಟ. ಮತ್ತೊಂದು ತಟ್ಟೆ ತಂದು, ಹೊರಗಿನಿಂದ ಬಂದವರಿಗೆ ಕೊಟ್ಟ ಹಾಗೆಯೇ ತುಸು ಬಾಗಿ, ಎರಡೂ ಕೈಗಳಲ್ಲಿ ಹೆಂಡತಿಯ ಮುಂದೆ ಹಿಡಿದ. ಕಣ್ಣು ತಟ್ಟೆಯ ಮೇಲೇ ಇತ್ತು. ಅವಳು ತೆಗೆದುಕೊಳ್ಳುವವರೆಗೂ ಕಾದು, ಬಾಗಿಲ ಬಳಿ ಆಗಷ್ಟೇ ಚಪ್ಪಲಿ ಬಿಡುತ್ತಿದ್ದವರನ್ನು ಕೂರಿಸಲು ಹೋದ.