ಕೈ ಎತ್ತಿದ ಹೆಂಗಸಿನ ಫೋಟೋ

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಅಕ್ಕನಿಗೆ ಊರೂರು ಸುತ್ತುವ ಹುಚ್ಚು. ರಜೆ ಸಿಕ್ಕರೆ ಕಾಲು ನಿಲ್ಲದು, ಹೋದಲ್ಲೆಲ್ಲ ಕ್ಯಾಮೆರಾ. ಆ ಫೋಟೋಗಳನ್ನು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟು ಎರಡು ವರ್ಷವಾಗಿತ್ತು. ಕೊಂಡವರು ಒಬ್ಬರೂ ಇಲ್ಲ.

"ನಿನ್ನ ಸೂರ್ಯಾಸ್ತ ಯಾರಿಗೆ ಬೇಕಕ್ಕ? ಎಲ್ಲರ ಮನೆ ಹಿಂದೇನೂ ಸೂರ್ಯ ಮುಳುಗ್ತಾನೆ," ಎನ್ನುತ್ತಿದ್ದಳು ಅದೇ ಅಂಗಡಿಯಲ್ಲಿ ಗಿರಾಕಿಗಳಿಗೆ ಫ್ರೇಮು ತೋರಿಸುವ ತಂಗಿ.

ಹಾಗಾಗಿ ಹೋದ ವಾರ ಒಂದು ಫೋಟೋ ಮಾರಾಟವಾದಾಗ ಅಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಬಂದರಿನ ಊರು, ಕಿರಿದಾದ ಬೀದಿ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿರುವ ಹೆಂಗಸು, ಪಕ್ಕದಲ್ಲಿ ಪುಟ್ಟ ಹುಡುಗಿ. ಹೆಂಗಸು ಕ್ಯಾಮೆರಾದತ್ತ ಕೈ ಎತ್ತಿದ್ದಳು. ಅಕ್ಕ ಅದಕ್ಕೆ 'ಸ್ವಾಗತ' ಎಂದು ಹೆಸರಿಟ್ಟಿದ್ದಳು. ಇದು ಯಾವ ಬೀದಿ ಎಂದು ಕೊಂಡಾತ ವಿನಯವಾಗಿ ಕೇಳಿದ. ಜಾಗವನ್ನು ಸರಿಯಾಗಿ ಹೇಳಿದರೆ ಗಿರಾಕಿ ಮತ್ತೆ ಬರುತ್ತಾನೆಂಬುದು ಈ ಫೋಟೋ ಮಾರುವವರ ವೇದವಾಕ್ಯ. ಅಕ್ಕ ಬೀದಿ, ತಿರುವು, ತಾನು ಇಳಿದುಕೊಂಡಿದ್ದ ಎದುರಿನ ಲಾಡ್ಜು, ಎಲ್ಲ ಬರೆದಳು. ಅವನು ಕೇಳದಿದ್ದರೂ ಬಾಗಿಲಿನ ಬಣ್ಣವನ್ನೂ ಸೇರಿಸಿದಳು. ಹೊಗಳಿಕೆಗೆ ಹಸಿದವರ ಬಾಯಿಗೆ ಬೀಗವೆಲ್ಲಿಯದು!

ಇವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಅವನ ಉತ್ತರ ಬಂತು. 'ತುಂಬಾ ಉಪಕಾರವಾಯ್ತು. ಮೂರು ವರ್ಷದಿಂದ ನನ್ನ ಹೆಂಡತಿಯನ್ನ ಹುಡುಕ್ತಿದ್ದೆ. ಇನ್ನು ಅವಳೆಲ್ಲಿಗೂ ಓಡಲ್ಲ.'

ಅಕ್ಕ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದಳು. ಅವತ್ತು ಅದೇ ಗಳಿಗೆಯಲ್ಲಿ ತೆಗೆದ ಇನ್ನೆರಡು ಫೋಟೋಗಳನ್ನು, ಅಲುಗಿವೆ ಎಂದು ಬದಿಗಿಟ್ಟಿದ್ದನ್ನು, ಈಗ ತೆರೆದಳು. ಒಂದರಲ್ಲಿ ಹೆಂಗಸು ಮಗುವಿನ ಮುಖವನ್ನು ಒದ್ದೆ ಟವಲಿನಿಂದ ಮುಚ್ಚುತ್ತಿದ್ದಳು. ಇನ್ನೊಂದರಲ್ಲಿ ಬಾಲ್ಕನಿ ಖಾಲಿ. ಎತ್ತಿದ ಆ ಕೈ 'ಬೇಡ' ಎಂದಿತ್ತು. ತಕ್ಷಣ ಅಕ್ಕ ಮಾರಾಟದ ಪುಟದಿಂದ ಫೋಟೋವನ್ನು ಅಳಿಸಿದಳು, ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಅಳ್ತಾ ಕೂರ್ಬೇಡ. ಲಾಡ್ಜಿಗೆ ಫೋನ್ ಮಾಡು," ಎಂದಳು ತಂಗಿ.

ಲಾಡ್ಜಿನ ಒಡತಿಯೇ ಫೋನೆತ್ತಿದಳು. "ಓ, ಕ್ಯಾಮೆರಾ ಅಕ್ಕನಾ? ಎದುರುಮನೆಯವಳು ತಾನೆ, ಇದಾಳೆ. ನಿಮ್ಮ ತಮ್ಮ ಬಂದಿದಾರಲ್ಲ ಈಗಷ್ಟೆ. ಅಕ್ಕ ತೆಗೆದ ಫೋಟೋ ಕೊಡ್ಬೇಕು ಅಂದ್ರು, ನಂಗೂ ತೋರಿಸಿದ್ರು. ಅವಳು ಯಾರಿಗೂ ಬಾಗಿಲು ತೆಗೆಯಲ್ಲ ನೋಡಿ, ಅದಕ್ಕೆ ನಾನೇ ಹೋಗಿ ಕೂಗಿ ತೆಗೆಸ್ದೆ."

ಅಕ್ಕ ಕಿರುಚಿದಳು, "ಅಮ್ಮಾ, ನಂಗೆ ತಮ್ಮನಿಲ್ಲ. ನಾವಿಬ್ಬರೇ, ಅಕ್ಕ ತಂಗಿ. ಬೀದಿಯವರನ್ನೆಲ್ಲ ಕರ್ಕೊಂಡು ಓಡಿ."

ಆ ಕಡೆ ಫೋನು ಮೇಜಿನ ಮೇಲೆ ಬಿದ್ದ ಸದ್ದು, ಚಪ್ಪಲಿಗಳು ಮೆಟ್ಟಿಲಿಳಿದ ಸದ್ದು. ಆಮೇಲೆ ಬೀದಿಯಾಚೆ ಒಡತಿ ಅವಳನ್ನು ಕೂಗುತ್ತ ಬಾಗಿಲು ಬಡಿಯುವುದು ಕೇಳಿಸಿತು. ಬಡಿಯುತ್ತಲೇ ಇದ್ದಳು. ಒಳಗಿನಿಂದ ಯಾರೂ ಓಗೊಡಲಿಲ್ಲ.