ಗುಡುಗಮ್ಮ ಎಂಬ ಹೆಬ್ಬಾತಿನ ಹೆಸರಿನ ಅರ್ಥ

ಕಾರ್ಟೂನ್ ಸಿನಿಮಾದ ಪಾತ್ರಗಳಿಗೆ ಹೆಸರಿಡುವುದೂ ಒಂದು ನೌಕರಿ ಎಂದರೆ ಜನ ನಂಬುವುದಿಲ್ಲ. ಅಂಥ ನೌಕರಿ ಹಿಡಿದಿದ್ದ ಅವನನ್ನು ಸಂಬಳ ಬರುವವರೆಗೆ ಸ್ವಂತ ಅಕ್ಕನೂ ನಂಬಿರಲಿಲ್ಲ. ಮೊಲಕ್ಕೆ, ಮೋಡಕ್ಕೆ, ಕಾಲು ಮುರಿದ ಕುರ್ಚಿಗೆ ಹೆಸರಿಡುವುದು, ಆಮೇಲೆ ಆ ಹೆಸರಿಗೊಂದು ಘನವಾದ ಅರ್ಥ ಹುಟ್ಟಿಸಿ ಸಿನಿಮಾದ ಜೊತೆ ಹಂಚುವ ಪುಸ್ತಿಕೆಗೆ ಬರೆದುಕೊಡುವುದು. ಅರ್ಥ ಹೊಳೆಯದಿದ್ದರೆ 'ಪ್ರಾಚೀನ ಭಾಷೆಯೊಂದರಲ್ಲಿ' ಎಂದು ಶುರು ಮಾಡುತ್ತಿದ್ದ. ಯಾವ ಭಾಷೆ ಎಂದು ಒಂದು ನರಪಿಳ್ಳೆಯೂ ಕೇಳಿರಲಿಲ್ಲ.

ಎಡವಟ್ಟಾದದ್ದು ಹೆಬ್ಬಾತಿನ ವಿಷಯದಲ್ಲಿ. ತಬ್ಬಲಿ ಬಾತುಮರಿಗಳನ್ನು ಹದ್ದುಬಸ್ತಿನಲ್ಲಿಡುವ ಖಳನಾಯಕಿ ಅದು. ಕಾಲು ತೊಳೆಯಿರಿ, ಬಾಯಿ ಮುಚ್ಚಿ, ಮಲಗಿ ಎಂದು ದಿನವಿಡೀ ಕಿರುಚುವುದೇ ಅದರ ಪಾತ್ರ. ಆ ಬೆಳಿಗ್ಗೆ ಅಕ್ಕ ಆಫೀಸಿಗೇ ಫೋನ್ ಮಾಡಿ, ಹಲ್ಲಿನ ಡಾಕ್ಟರ ಹತ್ತಿರ ಯಾಕೆ ಹೋಗಿಲ್ಲ ಎಂದು ಅವನ ಬೆವರಿಳಿಸಿದ್ದಳು. ಅವಳ ದನಿಗೆ ಸ್ಪೀಕರ್ ಬೇಕಿರಲಿಲ್ಲ. ಸುತ್ತಲಿನ ಮೇಜಿನವರೆಲ್ಲ ಕೇಳಿಸಿಕೊಂಡರು. ಫೋನಿಟ್ಟ ಗಳಿಗೆಗೇ ಚಿತ್ರ ಬರೆಯುವವಳು ಬಂದು, "ಈ ಘಾಟಿ ಹೆಬ್ಬಾತಿಗೆ ಸದ್ಯಕ್ಕೆ ಏನಂತ ಕರೀಲಿ? ನಿಜವಾದ ಹೆಸರು ಆಮೇಲೆ ಕೊಡಿ" ಎಂದಳು.

"ಗುಡುಗಮ್ಮ" ಎಂದುಬಿಟ್ಟ.

ಅದು ಅವನೂ ಅವನ ತಮ್ಮನೂ ಅಕ್ಕನಿಗೆ ಇಟ್ಟಿದ್ದ ಗುಟ್ಟಿನ ಹೆಸರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಇಬ್ಬರನ್ನೂ ಸಾಕಿದವಳು ಅವಳೇ. ಮೆಟ್ಟಿಲ ಮೇಲೆ ಅವಳ ಬೀಗದ ಕೈ ಗೊಂಚಲು ಸದ್ದು ಮಾಡಿದರೆ ಸಾಕು, ಕೆಳಗೆ ಕೂತ ಹುಡುಗರು "ಗುಡುಗಮ್ಮ ಬಂದ್ಲು" ಎಂದು ಪಿಸುಗುಟ್ಟಿ ಪುಸ್ತಕ ಹಿಡಿಯುತ್ತಿದ್ದರು.

"ಹೇಗೆ ನಡೀತಾಳೆ?" ಎಂದಳು ಚಿತ್ರ ಬರೆಯುವವಳು. ಅಕ್ಕನ ಹಾಗೆ ಕತ್ತು ಮುಂದೆ ಚಾಚಿ, ಹಿಮ್ಮಡಿ ಊರಿ, ಸೊಂಟದಲ್ಲಿ ಇಲ್ಲದ ಗೊಂಚಲು ಅಲ್ಲಾಡಿಸುತ್ತ ನಡೆದು ತೋರಿಸಿದ. ಇಡೀ ವಿಭಾಗ ಬಿದ್ದು ಬಿದ್ದು ನಕ್ಕಿತು. ಹಲ್ಲುನೋವೂ ಮರೆತುಹೋಯಿತು.

ಅವನು ಬೇರೆ ಹೆಸರು ಹುಡುಕುವಷ್ಟರಲ್ಲಿ ಧ್ವನಿಮುದ್ರಣವೇ ಮುಗಿದಿತ್ತು. ನಿರ್ದೇಶಕರಂತೂ ಗುಡುಗಮ್ಮನಿಗೆ ಮರುಳಾಗಿದ್ದರು. ಅರ್ಥ ಮುಖದ ಮೇಲೇ ಬರೆದಂತಿರುವ ಆ ಹೆಸರಿಗೂ 'ಪ್ರಾಚೀನ ಭಾಷೆಯೊಂದರಲ್ಲಿ, ಬಿರುಗಾಳಿಯ ಒಡತಿ' ಎಂದು ಬರೆದು ಕೈ ತೊಳೆದುಕೊಂಡ.

ಆದರೆ ಅಕ್ಕ ಅವನ ಒಂದು ಸಿನಿಮಾವನ್ನೂ ತಪ್ಪಿಸಿದವಳಲ್ಲ. ತಮ್ಮನೋ ಹಡಗಿನ ಕೆಲಸ ಹಿಡಿದು ದೂರವಾಗಿದ್ದ. ಇವನಿಗೆ ತನ್ನವರು ಅಂತ ಇದ್ದವಳು ಅವಳೊಬ್ಬಳೇ. ಅವಳ ಮನಸ್ಸು ಮುರಿದರೆ ಇನ್ನು ಯಾರ ಬೈಗುಳ ತಿಂದು ಬದುಕುವುದು ಎಂದು ನಿಜಕ್ಕೂ ದಿಗಿಲಾಯಿತು. ಆ ಹೆಸರು ಅವಳಿಗೆ ಗೊತ್ತಿಲ್ಲವಲ್ಲ, ಅದೊಂದೇ ಧೈರ್ಯ.

ಮೊದಲ ಆಟಕ್ಕೆ ಅವಳು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನ ಪಕ್ಕ ಕೂತಳು. ಕುತ್ತಿಗೆಯಲ್ಲಿ ಬೀಗದ ಕೈ ಜೋತಾಡಿಸಿಕೊಂಡು ಹೆಬ್ಬಾತು ಬಂದಾಗಲೆಲ್ಲ ಮಕ್ಕಳು ಕೇಕೆ ಹಾಕಿದರು. ಅವನು ಪಕ್ಕಕ್ಕೆ ತಿರುಗಲಿಲ್ಲ. ಕೊನೆಗೆ ಮರಿಗಳೆಲ್ಲ ಸೇರಿ ಗುಡುಗಮ್ಮನನ್ನು ಗೇಟಿನಾಚೆ ಅಟ್ಟಿ ಕುಣಿದವು. ಚಪ್ಪಾಳೆಯೋ ಚಪ್ಪಾಳೆ.

ಹೊರಗೆ ಬಂದ ಮೇಲೆ ಅಕ್ಕ ಕನ್ನಡಕ ಹಾಕಿಕೊಂಡು ಪುಸ್ತಿಕೆ ಓದಿದಳು.

"ಪ್ರಾಚೀನ ಭಾಷೆ ಅಂದ್ರೆ ಯಾವ್ದೋ?"

"ಯಾವ್ದೂ ಅಲ್ಲ, ಅಕ್ಕ."

"ಯಾಕಲ್ಲ? ನಮ್ಮನೆ ಮೆಟ್ಟಿಲ ಕೆಳಗೆ ಆಡ್ತಿದ್ರಲ್ಲ, ಅದೇ ಭಾಷೆ. ನಂಗೇನು ಕಿವುಡು ಅಂದ್ಕೊಂಡಿದ್ರಾ ಇಬ್ರೂ?"

ಅವನು ಪುಸ್ತಿಕೆಗೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಬೇಕಂತ್ಲೇ ಬೀಗದ ಕೈ ಅಲ್ಲಾಡಿಸ್ಕೊಂಡು ಬರ್ತಿದ್ದೆ ಕಣೋ. ಸದ್ದಿಲ್ದೆ ಬಂದಿದ್ರೆ ಸಿಕ್ಕಿಬೀಳ್ತಿದ್ರಿ. ಆಮೇಲೆ ಹೊಡೀಬೇಕಾಗ್ತಿತ್ತು. ನಂಗೆ ಹೊಡೆಯೋಕೆ ಕೈ ಬರ್ತಿರ್ಲಿಲ್ಲ."

ಪುಸ್ತಿಕೆಯನ್ನು ಮಡಚಿ ಕೈಚೀಲಕ್ಕೆ ಹಾಕಿದಳು. ದನಿ ಯಾಕೋ ತಗ್ಗಿತ್ತು. "ನಡಿಗೆ ಚೆನ್ನಾಗಿ ತೋರ್ಸಿದೀರಿ. ಒಂದು ಮಾತ್ರ ತಿಳೀಲಿಲ್ಲ. ಅವಳನ್ನ ಓಡಿಸಿದ ಮೇಲೆ ಆ ಮರಿಗಳಿಗೆ ಊಟ ಹಾಕಿದ್ದು ಯಾರು?"

ಕಥೆಯ ವಿಭಾಗದವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ಸಿನಿಮಾ ಅದು. ಈ ಪ್ರಶ್ನೆ ಯಾರ ತಲೆಗೂ ಬಂದಿರಲಿಲ್ಲ. ಕುರ್ಚಿಗೂ ಅರ್ಥ ಹುಟ್ಟಿಸಬಲ್ಲವನಿಗೆ ಈಗ ಒಂದು ಸುಳ್ಳೂ ಹೊಳೆಯಲಿಲ್ಲ.

"ಯಾರೂ ಇಲ್ಲ" ಎಂದ. ನಾಚಿಕೆಯಾಯಿತು, ಅಳುವೂ ಬಂತು.

ಅಕ್ಕ ಅವನ ಕೆನ್ನೆಯನ್ನೇ ನೋಡಿದಳು. "ಮತ್ತೆ ಊದಿದೆ. ಹಲ್ಲು ತೋರಿಸ್ದ್ಯಾ?"

"ಇಲ್ಲ."

"ನಡಿ."

ಬೀಗದ ಕೈ ಗೊಂಚಲಿನ ಸದ್ದು ಮಾಡುತ್ತ ಅವಳು ಮುಂದೆ ನಡೆದಳು. ಡಾಕ್ಟರ ಬಾಗಿಲವರೆಗೂ ಅವನು ಅವಳ ಹಿಂದೆಯೇ ಹೋದ.